ಎದ್ದವನು ಮಲಗಿದವನೇ? ವ್ಯಕ್ತಿಯ ಏಕತೆಯಲ್ಲಿ ತರತಮವಿದೆಯೇ ಎಂಬ ಬಗ್ಗೆ ಒಂದು ಟಿಪ್ಪಣಿ

ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ, ಎರಡನೆಯ ಪಾದ, ಒಂಬತ್ತನೆಯ ಸೂತ್ರ. ಅಲ್ಲಿ ಎತ್ತಿರುವ ಪ್ರಶ್ನೆ ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಗಾಢನಿದ್ದೆಯಲ್ಲಿ ಜೀವ ಸತ್ತಿನಲ್ಲಿ, ಅಂದರೆ ಬ್ರಹ್ಮದಲ್ಲಿ, ಒಂದಾಗಿಬಿಡುತ್ತದೆ ಎಂದು ಉಪನಿಷತ್ತು ಹೇಳುವುದಾದರೆ, ಬೆಳಗ್ಗೆ ಹಾಸಿಗೆಯಿಂದ ಏಳುವವನು ರಾತ್ರಿ ಮಲಗಿದವನೇ ಎಂಬುದಕ್ಕೆ ಆಧಾರವೇನು? ಪೂರ್ವಪಕ್ಷಿಯ ವಾದ ಬಿಗಿಯಾಗಿದೆ. ನೀರಿನ ರಾಶಿಗೆ ಹಾಕಿದ ಹನಿಯನ್ನು ಮತ್ತೆ ಎತ್ತಹೋದರೆ ಅದೇ ಹನಿ ಕೈಗೆ ಬಂತೆಂದು ಹೇಳಲಾಗದು. ಹಾಗೆಯೇ ಏಳುವವನು ಅವನೂ ಆಗಿರಬಹುದು, ಬೇರೆಯವನೂ ಆಗಿರಬಹುದು. ಇಂಥವನೇ ಎಂಬ ನಿಯಮವಿಲ್ಲ. ಸಿದ್ಧಾಂತವಾದರೋ ಅವನೇ ಏಳುತ್ತಾನೆ ಎನ್ನುತ್ತದೆ, ನಾಲ್ಕು ಕಾರಣ ಕೊಡುತ್ತದೆ: ಕರ್ಮ, ಅನುಸ್ಮೃತಿ, ಶಬ್ದ, ವಿಧಿ.

ಶಂಕರರ ಭಾಷ್ಯದಲ್ಲಿ ಕರ್ಮ ಎಂಬ ಮೊದಲ ಕಾರಣದ ವಿವರಣೆ ತೀರಾ ಲೌಕಿಕವಾಗಿದೆ. ಹಿಂದಿನ ದಿನ ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಮರುದಿನ ಮುಂದುವರಿಸಿ ಮುಗಿಸುವವರನ್ನು ನಾವು ಕಾಣುತ್ತೇವೆ. ಒಬ್ಬ ಅರ್ಧ ಮಾಡಿ ಬಿಟ್ಟದ್ದನ್ನು ಸಂಬಂಧವೇ ಇಲ್ಲದ ಇನ್ನೊಬ್ಬ ತನ್ನದೆಂದು ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಎರಡೂ ದಿನದ ಕರ್ತೃ ಒಬ್ಬನೇ. ನೆನಪಿನ ಕಾರಣ ಬರುವುದು ಇದರ ನಂತರ: ನಿನ್ನೆ ಕಂಡದ್ದನ್ನು ಇಂದು ನೆನೆಯುವವನು, ಕಂಡವನೇ ಆಗಿರಬೇಕು. ಶಬ್ದ ಎಂದರೆ ಶ್ರುತಿ. ಛಾಂದೋಗ್ಯದಲ್ಲಿ ಹುಲಿ, ಸಿಂಹ, ಹುಳು ಯಾವುದೇ ಆಗಿದ್ದರೂ ನಿದ್ದೆಯಿಂದ ಮರಳುವಾಗ ಅದೇ ಆಗಿ ಮರಳುತ್ತದೆ ಎಂಬ ಮಾತಿದೆ. ವಿಧಿ ಎಂದರೆ ಶಾಸ್ತ್ರದ ಕಟ್ಟಳೆ. ಏಳುವವನು ಬೇರೆಯವನಾದರೆ ಮಲಗಿದ ಮಾತ್ರಕ್ಕೆ ಎಲ್ಲರಿಗೂ ಮುಕ್ತಿ ಸಿಕ್ಕಂತಾಗಿ, ಕರ್ಮ ಮಾಡು, ಜ್ಞಾನ ಪಡೆ ಎಂಬ ವಿಧಿಗಳೆಲ್ಲ ವ್ಯರ್ಥವಾಗುತ್ತವೆ.

ಒಬ್ಬ ವ್ಯಕ್ತಿ ಕಾಲಾಂತರದಲ್ಲಿ 'ಅವನೇ' ಆಗಿರುವುದು ಹೌದು-ಅಲ್ಲ ಎಂಬ ಬಗೆಯ ಸಂಗತಿಯೋ, ಹೆಚ್ಚು-ಕಡಿಮೆ ಎಂಬ ಬಗೆಯ ಸಂಗತಿಯೋ? ಹೆಚ್ಚು-ಕಡಿಮೆ ಎಂದಾದರೆ ಅದರಿಂದ ನಮ್ಮ ಹೊಣೆ, ಋಣ, ಆರೈಕೆಗಳಲ್ಲಿ ಏನು ಬದಲಾಗಬೇಕು? ಈ ಪ್ರಶ್ನೆಗಳಿಗೆ ಮೇಲಿನ ನಾಲ್ಕು ಕಾರಣಗಳ ಕ್ರಮದಲ್ಲೇ ಒಂದು ಸುಳಿವಿದೆ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಕೆಲಸ ಮೊದಲು, ನೆನಪು ಆಮೇಲೆ. ಸೂತ್ರಕಾರರು ಬೇಕೆಂದೇ ಈ ಕ್ರಮ ಇಟ್ಟರೆಂದು ನಾನು ವಾದಿಸುತ್ತಿಲ್ಲ. ಕ್ರಮವನ್ನು ಗಂಭೀರವಾಗಿ ತೆಗೆದುಕೊಂಡರೆ ಎಲ್ಲಿಗೆ ತಲುಪುತ್ತೇವೆ ಎಂಬುದಷ್ಟೇ ನನ್ನ ಆಸಕ್ತಿ.

ತರತಮದ ಪ್ರಶ್ನೆಗೆ ಅದ್ವೈತದ ಉತ್ತರ ಎಂದು ಸಾಮಾನ್ಯವಾಗಿ ತೋರಿಸುವುದು ಬೇರೊಂದು ಜಾಗವನ್ನು: ಎರಡನೆಯ ಅಧ್ಯಾಯ, ಎರಡನೆಯ ಪಾದ, ಇಪ್ಪತ್ತೈದನೆಯ ಸೂತ್ರದ ಭಾಷ್ಯ. ಎದುರಾಳಿ ಕ್ಷಣಿಕವಾದಿ ಬೌದ್ಧ. ಕ್ಷಣಕ್ಷಣಕ್ಕೂ ಹೊಸ ವಿಜ್ಞಾನ ಹುಟ್ಟುತ್ತದೆ, ಹಿಂದಿನದನ್ನು ಮುಂದಿನದು ಹೋಲುತ್ತದೆ, ಆ ಹೋಲಿಕೆಯನ್ನೇ ನಾವು 'ಅದೇ' ಎಂದು ತಿಳಿಯುತ್ತೇವೆ ಎಂಬುದು ಅವನ ನಿಲುವು. ಶಂಕರರು ಇಲ್ಲಿ ಒಂದು ಅಸಮತೆಯನ್ನು ಗುರುತಿಸುತ್ತಾರೆ. ಹೊರಗಿನ ವಸ್ತುವಿನ ವಿಷಯದಲ್ಲಿ, ಇದು ಆಗ ಕಂಡದ್ದೇ ಅಥವಾ ಅದರಂಥ ಇನ್ನೊಂದೇ ಎಂಬ ಸಂಶಯ ಹುಟ್ಟಬಹುದು. ಕಾಣುವವನ ವಿಷಯದಲ್ಲಿ ಆ ಸಂಶಯಕ್ಕೆ ಜಾಗವೇ ಇಲ್ಲ. ನಿನ್ನೆ ನೋಡಿದವನು ನಾನೋ, ನನ್ನಂಥವನೋ ಎಂದು ಯಾರೂ ತಡವರಿಸುವುದಿಲ್ಲ. ಹೋಲಿಕೆಯಲ್ಲಿ ಹೆಚ್ಚು ಕಡಿಮೆ ಇರುತ್ತದೆ. 'ನಾನು' ಎಂಬ ಅರಿವಿನಲ್ಲಿ ಇಲ್ಲ. ಇದು ಜಗತ್ತಿನ ತತ್ತ್ವಶಾಸ್ತ್ರದಲ್ಲಿ ತರತಮವಾದಕ್ಕೆ ಸಿಕ್ಕಿರುವ ಗಟ್ಟಿ ಆಕ್ಷೇಪಗಳಲ್ಲೊಂದು ಎಂಬುದು ನನ್ನ ಅಭಿಪ್ರಾಯ.

ಆದರೆ ಇಲ್ಲಿಗೇ ನಿಂತರೆ ಭಾಷ್ಯಕಾರರಿಗೆ ಅನ್ಯಾಯ ಮಾಡಿದಂತೆ. ಮೂರನೆಯ ಅಧ್ಯಾಯದ ಆ ಸೂತ್ರದ ಭಾಷ್ಯದ ಕೊನೆಯಲ್ಲಿ, ನೀರಿನ ಹನಿಯ ಆಕ್ಷೇಪಕ್ಕೆ ಉತ್ತರಿಸುವಾಗ, ಅವರ ದನಿ ಬೇರೆಯಾಗಿದೆ. ಹನಿಯನ್ನು ರಾಶಿಯಿಂದ ಬೇರ್ಪಡಿಸಿ ಗುರುತಿಸಲು ಏನೂ ಇಲ್ಲ. ಜೀವಕ್ಕಾದರೆ ಕರ್ಮವೂ ಅವಿದ್ಯೆಯೂ ಇವೆ ಎಂದು ಮೊದಲು ಹೇಳುತ್ತಾರೆ. ಬಳಿಕ ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾರೆ. ಪರಮಾರ್ಥದಲ್ಲಿ ಸತ್ತಿಗಿಂತ ಬೇರೆಯಾದ ಜೀವವೇ ಇಲ್ಲವಾದ್ದರಿಂದ ಹನಿ, ರಾಶಿ ಎಂಬ ಹೋಲಿಕೆಯೇ ಸಲ್ಲದು. ಒಂದು ಉಪಾಧಿಯಲ್ಲಿ, ಅಂದರೆ ಜೀವವನ್ನು ಬೇರೆಯಾಗಿ ತೋರಿಸುವ ದೇಹ-ಮನಸ್ಸಿನ ಕಟ್ಟಿನಲ್ಲಿ, ಬಂಧ ಎಷ್ಟು ಕಾಲ ಮುಂದುವರಿಯುತ್ತದೋ ಅಷ್ಟು ಕಾಲ ಒಬ್ಬ ಜೀವ ಎಂಬ ವ್ಯವಹಾರ. ಬೇರೆ ಉಪಾಧಿಯಲ್ಲಿ ಮುಂದುವರಿದರೆ ಬೇರೆ ಜೀವ ಎಂಬ ವ್ಯವಹಾರ. ನಿದ್ದೆ ಎಚ್ಚರಗಳ ನಡುವೆ ಅದೇ ಉಪಾಧಿ ಬೀಜದಿಂದ ಮೊಳಕೆಯ ರೀತಿಯಲ್ಲಿ ಮುಂದುವರಿಯುವುದರಿಂದ ಅವನೇ ಎದ್ದ ಎನ್ನುತ್ತೇವೆ. ಅಂದರೆ ಸಾಕ್ಷಿಯಲ್ಲಿ ತರತಮವಿಲ್ಲ, ಸರಿ. ಸಾಲ ಮಾಡುವ, ಮಾತು ಕೊಡುವ, ಮುಪ್ಪಾಗುವ ವ್ಯಕ್ತಿಯ ಏಕತೆ ಮಾತ್ರ ಶಂಕರರಲ್ಲೂ ಒಂದು ಮುಂದುವರಿಕೆಯ ಮೇಲೆ ನಿಂತ ವ್ಯವಹಾರ. ಈ ಎರಡು ಭಾಗಗಳನ್ನು ಒಟ್ಟಿಗಿಟ್ಟು ಓದದೆ, ಅದ್ವೈತವು ವ್ಯಕ್ತಿಯ ಏಕತೆಯನ್ನು ಅಖಂಡವೆಂದು ಸಾರುತ್ತದೆ ಎಂದು ಬರೆಯುವುದು ಅವಸರದ ಮಾತಾಗುತ್ತದೆ.

ಮೈಸೂರಿನಲ್ಲಿ ಇಂಥ ಓದಿಗೆ ನೆಲ ಹದವಾಗಿತ್ತು. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ, 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ, 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್, ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಇಲ್ಲಿ ಮುಖ್ಯರಾಗುವವರು ಎಂ. ಹಿರಿಯಣ್ಣನವರು (1871–1950). ಮೈಸೂರಿನ ತರಗತಿಗಳಲ್ಲಿ ವರ್ಷಗಟ್ಟಲೆ ಹೇಳಿದ ಪಾಠಗಳಿಂದ ಬೆಳೆದು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳ ಗ್ರಂಥ ಬೌದ್ಧರ ಆತ್ಮವಿಚಾರವನ್ನು ನಡೆಸಿಕೊಳ್ಳುವ ರೀತಿ ಇಂದಿಗೂ ಪಾಠವಾಗುವಂಥದು. ಅವರು ಸಂಘಾತ ಮತ್ತು ಸಂತಾನ ಎಂಬ ಎರಡನ್ನೂ ಜೊತೆಗಿಡುತ್ತಾರೆ. ಒಂದು ಕ್ಷಣದಲ್ಲಿ ನೋಡಿದರೆ ವ್ಯಕ್ತಿ ಒಂದು ಸಮೂಹ. ಕಾಲದಲ್ಲಿ ನೋಡಿದರೆ ಒಂದು ಹರಿವು. ಹಿಂದಿನದರ ಸಂಸ್ಕಾರವನ್ನು ಮುಂದಿನದು ಹೊತ್ತು ಬರುತ್ತದೆ ಎಂಬುದನ್ನು ಒಪ್ಪಿ, ಆಮೇಲೆ ಬರುವ ಆಕ್ಷೇಪಗಳನ್ನು ಅವರು ತೂಗುತ್ತಾರೆ. ವಿಮುಕ್ತಾತ್ಮನ ಇಷ್ಟಸಿದ್ಧಿಯನ್ನು ಸಂಪಾದಿಸಿದ ವೇದಾಂತ ವಿದ್ವಾಂಸ ಎದುರುಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಮಂಡಿಸಿದ್ದು ಸಣ್ಣ ಗುಣವಲ್ಲ. ಇದೇ ಊರಿನಲ್ಲಿ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಎಚ್ಚರ, ಕನಸು, ನಿದ್ದೆಗಳ ವಿಚಾರವನ್ನೇ ವೇದಾಂತದ ಕೇಂದ್ರವೆಂದು ಬೋಧಿಸುತ್ತಿದ್ದರು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಂಕರಭಾಷ್ಯವನ್ನು ಕನ್ನಡಕ್ಕೆ ತಂದದ್ದರಿಂದ ಮೇಲಿನ ಎರಡೂ ಭಾಗಗಳನ್ನು ಸಂಸ್ಕೃತ ಬಾರದ ಓದುಗರೂ ತಾವೇ ಹೋಲಿಸಿ ನೋಡಬಹುದು.

ಪಶ್ಚಿಮದಲ್ಲಿ ಚರ್ಚೆ ನೆನಪಿನಿಂದ ಆರಂಭವಾಯಿತು. ಲಾಕ್ 1694ರಲ್ಲಿ ತನ್ನ ಪ್ರಬಂಧದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ, ಪ್ರಜ್ಞೆ ಹಿಂದಕ್ಕೆ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ಆ ವ್ಯಕ್ತಿ ಎಂದ. 1785ರಲ್ಲಿ ರೀಡ್ ಒಡ್ಡಿದ ತೊಡಕು ಪ್ರಸಿದ್ಧ: ಮುದಿ ಸೇನಾಪತಿಗೆ ತನ್ನ ಯೌವನದ ಶೌರ್ಯ ನೆನಪಿದೆ, ಆ ಯುವಕನಿಗೆ ಬಾಲ್ಯದಲ್ಲಿ ತಿಂದ ಏಟು ನೆನಪಿತ್ತು, ಸೇನಾಪತಿಗೆ ಏಟು ನೆನಪಿಲ್ಲ. ಹಾಗಾದರೆ ಅವನು ಆ ಹುಡುಗನೇ ಹೌದು, ಅಲ್ಲ, ಎರಡೂ ಆಗಬೇಕಾಗುತ್ತದೆ. ಡೆರೆಕ್ ಪಾರ್ಫಿಟ್ 1971ರ ಲೇಖನದಲ್ಲಿ, ಬಳಿಕ 1984ರ ದೊಡ್ಡ ಗ್ರಂಥದಲ್ಲಿ, ಈ ಎಳೆಯನ್ನು ಕೊನೆಯವರೆಗೆ ಎಳೆದ. ನೆನಪು, ಉದ್ದೇಶ, ಸ್ವಭಾವಗಳ ನೇರ ನಂಟುಗಳಿವೆ. ಆ ನಂಟುಗಳು ಒಂದಕ್ಕೊಂದು ಕೂಡಿಕೊಂಡ ಸರಪಳಿಯಿದೆ. ನೇರ ನಂಟು ಹೆಚ್ಚು ಕಡಿಮೆ ಆಗುವಂಥದು. 'ಅವನೇ' ಎಂಬ ಮಾತು ಮಾತ್ರ ಹೌದು-ಅಲ್ಲದ ಆಕಾರದಲ್ಲಿರುತ್ತದೆ. ಆದ್ದರಿಂದ ನಮಗೆ ಮುಖ್ಯವಾಗಬೇಕಾದದ್ದು ನಂಟು, ಏಕತೆ ಮುಖ್ಯವಲ್ಲ ಎಂಬುದು ಅವನ ತೀರ್ಮಾನ. ಬುದ್ಧನೂ ಇದನ್ನು ಒಪ್ಪುತ್ತಿದ್ದನೆಂದು ತೋರಿಸಲು ಪುಸ್ತಕದ ಕೊನೆಗೆ ಒಂದು ಅನುಬಂಧವನ್ನೇ ಇಟ್ಟ. ಬೌದ್ಧ ಆಚಾರ್ಯ ಶಾಂತಿದೇವ ಇದೇ ಜಾಗದಿಂದ ಹೊರಟು ಕರುಣೆಯನ್ನು ಸಾಧಿಸುತ್ತಾನೆ: ಇನ್ನೊಬ್ಬನ ನೋವು ನನ್ನನ್ನು ತಟ್ಟುವುದಿಲ್ಲವೆಂದು ಬಿಡುವುದಾದರೆ, ಮುಂದೆ ಬರುವ ದೇಹದ ನೋವೂ ಈಗ ನನ್ನನ್ನು ತಟ್ಟುತ್ತಿಲ್ಲ, ಅದನ್ನೇಕೆ ತಡೆಯಲು ಹೆಣಗುತ್ತೇನೆ?

ಪಾರ್ಫಿಟ್ ಇದರಿಂದ ಇಳಿಸುವ ಫಲಗಳೇ ನಿಜವಾದ ಪರೀಕ್ಷೆ. ಯೌವನದಲ್ಲಿ ಕುಡಿದ ಜಗಳದಲ್ಲಿ ಪೊಲೀಸಿನವನೊಬ್ಬನನ್ನು ಗಾಯಗೊಳಿಸಿದವನು ತೊಂಬತ್ತರ ವಯಸ್ಸಿನಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೇಲೆ, ತಪ್ಪೊಪ್ಪಿಕೊಂಡರೆ ಅವನಿಗೆ ಶಿಕ್ಷೆ ಸಲ್ಲದಿರಬಹುದು, ಏಕೆಂದರೆ ನಂಟು ಸವೆದಿದೆ. ಇದನ್ನು ಒಪ್ಪಲು ನನಗೆ ಹೆಚ್ಚು ಕಷ್ಟವಿಲ್ಲ. ಆದರೆ ಅದೇ ತರ್ಕ ಹಿಂದೆ ಕೊಟ್ಟ ಮಾತಿಗೂ ಮುಂದಿನ ಆರೈಕೆಗೂ ಹಬ್ಬುತ್ತದೆ. ನಂಟು ಸವೆದಷ್ಟು ಹೊಣೆಯೂ ಸವೆಯುತ್ತದೆ ಎಂಬ ಲೆಕ್ಕ ಅದು. ನನ್ನ ಭಿನ್ನಾಭಿಪ್ರಾಯ ಇಲ್ಲಿಂದ ಶುರುವಾಗುತ್ತದೆ. ಪಾರ್ಫಿಟ್‌ನ ನಂಟುಗಳೆಲ್ಲ ಒಬ್ಬನ ಮನಸ್ಸಿನೊಳಗೆ ಇರುವಂಥವು. ಸೂತ್ರದ ಮೊದಲ ಕಾರಣ, ಅರ್ಧವಾದ ಕೆಲಸ, ಹಾಗಿಲ್ಲ. ಅದು ಮನೆಯಲ್ಲಿ, ಹೊಲದಲ್ಲಿ, ಲೆಕ್ಕದ ಪುಸ್ತಕದಲ್ಲಿ, ಕಾಯುತ್ತಿರುವ ಇನ್ನೊಬ್ಬರ ನಂಬಿಕೆಯಲ್ಲಿ ಇರುತ್ತದೆ. ಮಲಗಿದವನಿಗೆ ಆ ಹೊತ್ತಿನಲ್ಲಿ ಅದರ ಪ್ರಜ್ಞೆಯೇ ಇಲ್ಲ. ಹಾಗಿದ್ದೂ ಕೆಲಸ ಅವನದೇ ಆಗಿ ಉಳಿದಿದೆ.

ಮನಸ್ಸಿನ ಹೊರಗೆ ನಿಂತು ಒಬ್ಬ ವ್ಯಕ್ತಿಯನ್ನು ಕಾಲಾಂತರದಲ್ಲಿ ಹಿಡಿದಿಡುವ ನಂಟಿಗೆ ಮೈಸೂರಿನಲ್ಲೇ ಒಂದು ಉದಾಹರಣೆಯಿದೆ. ಅದು ತತ್ತ್ವಶಾಸ್ತ್ರದ್ದಲ್ಲ, ಹೆರಿಗೆ ವಾರ್ಡಿನದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಿಂದ ಇದೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳು ಉಳಿದುಕೊಂಡವು. ದಶಕಗಳ ನಂತರ ಆಸ್ಪತ್ರೆಯವರೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆಸುಪಾಸಿನಲ್ಲೇ ವಾಸವಾಗಿದ್ದ 517 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಶೇಕಡಾ 3 ಮಂದಿಗೆ. ಮಗುವೂ ಸಣಕಲು, ಬಸಿರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂಬ ಗುಂಪಿನಲ್ಲಿ ಅದು ಶೇಕಡಾ 20ಕ್ಕೆ ಏರಿತ್ತು.

ಈ ಅಂಕಿಗಳನ್ನು ವೈದ್ಯರು ಓದುವುದು ಬೇರೆ ಕಾರಣಕ್ಕೆ. ನಾನು ಓದುವುದು ಇದಕ್ಕೆ: ಹೆರಿಗೆಯ ದಿನದ ಕೂಸಿಗೂ ಐವತ್ತು ವರ್ಷದ ಮನುಷ್ಯನಿಗೂ ನಡುವೆ ನೆನಪಿನ ನೇರ ನಂಟು ಸೊನ್ನೆ. ಉದ್ದೇಶದ ನಂಟು, ಸ್ವಭಾವದ ನಂಟು ಇದ್ದರೂ ಅತ್ಯಲ್ಪ. ಪಾರ್ಫಿಟ್‌ನ ಅಳತೆಯಲ್ಲಿ ಇವರಿಬ್ಬರೂ ಬಹುತೇಕ ಅಪರಿಚಿತರು. ಆದರೂ ಆ ಕೂಸಿನ ಹಸಿವು ಈ ಮನುಷ್ಯನ ಎದೆಯಲ್ಲಿದೆ. ಆ ಕೂಸನ್ನು ಹೊತ್ತ ತಾಯಿಯ ಹಸಿವೂ ಇದೆ. ಶಂಕರರು ಉಪಾಧಿಯ ಮುಂದುವರಿಕೆ ಎಂದದ್ದರ ಇಷ್ಟು ಸ್ಪಷ್ಟವಾದ ಲೌಕಿಕ ರೂಪ ನನಗೆ ಬೇರೆಲ್ಲೂ ಕಂಡಿಲ್ಲ. ದಾಖಲೆಯನ್ನು ಮನುಷ್ಯನೊಂದಿಗೆ ಹೊಂದಿಸುವ ಕೆಲಸ ಹೌದು-ಅಲ್ಲ ಎಂಬ ಬಗೆಯದು, ಈ ಕೂಸು ಇವನೇ ಅಥವಾ ಅಲ್ಲ. ಹೊಂದಿಸಿದ ಮೇಲೆ ಕಾಣುವ ನಂಟು ತೂಕದಂತೆ ಏರಿಳಿಯುವಂಥದು. ಒಂದೇ ಜೀವನದಲ್ಲಿ ಎರಡು ಬಗೆಯೂ ಒಟ್ಟಿಗಿವೆ. ಏಕತೆಯಲ್ಲಿ ತರತಮವಿದೆಯೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗದಿರುವುದಕ್ಕೆ ಇದೇ ಕಾರಣ; ಯಾವ ನಂಟಿನ ಏಕತೆ, ಯಾವ ಕಾರ್ಯಕ್ಕಾಗಿ ಎಂದು ಬಿಡಿಸಿ ಕೇಳಬೇಕು. ಮುಂದೆ ಇದೇ ಜನರ ಮುಪ್ಪಿನಲ್ಲಿ ನೆನಪು ಮತ್ತು ಬುದ್ಧಿಶಕ್ತಿಯನ್ನು ಪರೀಕ್ಷಿಸುವ ಅಧ್ಯಯನವೂ ಮೈಸೂರಿನಲ್ಲಿ ನಡೆದಿದೆ. ನೆನಪಿನ ನಂಟು ಕಳಚತೊಡಗುವ ವಯಸ್ಸಿನಲ್ಲಿ, ನೆನಪು ಹುಟ್ಟುವ ಮುಂಚಿನ ದಿನದ ಅಳತೆಗಳನ್ನು ಅವರ ಪಕ್ಕದಲ್ಲಿ ಇಟ್ಟು ನೋಡುವ ಅಧ್ಯಯನ ಅದು.

ನೆನಪಿಲ್ಲದೆ ಫಲ ಉಣ್ಣುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ತೀವ್ರವಾಗಿ ಕೇಳಿದವನು ಜನ್ನ. 1209ರ 'ಯಶೋಧರ ಚರಿತೆ'ಯಲ್ಲಿ ಯಶೋಧರನೂ ತಾಯಿ ಚಂದ್ರಮತಿಯೂ ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಗೆ ಜನ್ಮಜನ್ಮಾಂತರ ಅಲೆಯುತ್ತಾರೆ. ಮೊದಲು ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ನಾಯಿ ನವಿಲನ್ನು ಕೊಲ್ಲುತ್ತದೆ. ಕೊನೆಗೆ ಅವರು ಯಶೋಧರನ ಮಗನಿಗೇ ಅವಳಿ ಮಕ್ಕಳಾಗಿ ಹುಟ್ಟಿ, ಅಭಯರುಚಿ ಅಭಯಮತಿಯರಾಗಿ ರಾಜ ಮಾರಿದತ್ತನ ಮುಂದೆ ಎಲ್ಲವನ್ನೂ ತಮ್ಮದೇ ಕಥೆಯಾಗಿ ನಿರೂಪಿಸುತ್ತಾರೆ. ಜೈನರ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿದ್ಧವಿದೆ: ದ್ರವ್ಯದಿಂದ ನೋಡಿದರೆ ಅದೇ ಜೀವ, ಪರ್ಯಾಯದಿಂದ ನೋಡಿದರೆ ಬೇರೆ. ಎರಡೂ ನಿಜ, ಎರಡರಲ್ಲಿ ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಸಿದ್ಧಾಂತವಾಗಿ ಇದು ಹೌದು-ಅಲ್ಲ ಮತ್ತು ಹೆಚ್ಚು-ಕಡಿಮೆಗಳ ಜಗಳವನ್ನು ತಣಿಸುತ್ತದೆ. ಕಾವ್ಯ ಮಾತ್ರ ಅಷ್ಟಕ್ಕೆ ಬಿಡುವುದಿಲ್ಲ. ಮಗನೆಂದು ತಿಳಿಯದೆ ನವಿಲಿಗೆ ಬಾಯಿ ಹಾಕುವ ನಾಯಿಯನ್ನು ಓದುವಾಗ, ಇವಳು ಚಂದ್ರಮತಿಯೇ ಎಂಬ ಅರಿವು ನಮಗಿದೆ, ಅವಳಿಗಿಲ್ಲ. ಅವಳಿಗಾಗುವ ನೋವು ಕರ್ಮದ ಪ್ರಕಾರ ಅವಳದು. ದಂಡನೆ ಎಂಬ ಅರ್ಥದಲ್ಲಿ ಅದು ಅವಳಿಗೆ ತಲುಪುವುದೇ ಇಲ್ಲ. ಶಿಕ್ಷೆಗೆ ನೆನಪು ಬೇಕು, ನೋವಿಗೆ ಬೇಡ. ಪಾರ್ಫಿಟ್‌ನ ತೊಂಬತ್ತರ ಮುದುಕನ ವಿಷಯದಲ್ಲಿ ನಾನು ಒಪ್ಪುವುದೂ, ಆರೈಕೆಯ ವಿಷಯದಲ್ಲಿ ಒಪ್ಪದಿರುವುದೂ ಈ ಒಂದೇ ಭೇದದಿಂದ.

ಈಗ ಮನೆಗಳಿಗೆ ಬರೋಣ. ಮರೆವಿನ ಕಾಯಿಲೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು ಆಡುವ ಮಾತು ಒಂದಿದೆ: ಅಪ್ಪ ಈಗ ಮೊದಲಿನ ಅಪ್ಪ ಅಲ್ಲ. ಆ ಮಾತು ಸುಳ್ಳಲ್ಲ. ಅದರಲ್ಲಿ ತರತಮದ ಪೂರ್ತಿ ಸತ್ಯವಿದೆ. ಹಾಗೆ ಹೇಳಿದ ಮಗಳೇ ಸಂಜೆ ಬಟ್ಟಲು ಹಿಡಿದು ಅಪ್ಪಾ ಬಾಯಿ ತೆಗೆಯಪ್ಪ ಎನ್ನುತ್ತಾಳೆ. ಎರಡು ಮಾತಿನ ನಡುವೆ ವಿರೋಧ ಕಾಣುವವರು, ನಂಟು ಅಂದರೆ ನೆನಪು ಎಂದು ಮೊದಲೇ ತೀರ್ಮಾನಿಸಿದವರು. ಅಪ್ಪನಿಗೆ ಮಗಳ ಹೆಸರು ಹೋಗಿದೆ. ಅವರು ಮಗಳಿಗೆ ಮಾಡಿದ್ದು, ಮಾಡಬೇಕೆಂದಿದ್ದು, ಅರ್ಧಕ್ಕೆ ಬಿಟ್ಟದ್ದು ಎಲ್ಲೂ ಹೋಗಿಲ್ಲ. ಇನ್ನು ಅವರಿಗಾಗುವ ಭಯ, ಹಸಿವು, ಸ್ನಾನದ ನೀರು ಸುಟ್ಟಾಗಿನ ನೋವು, ಇವುಗಳಲ್ಲಿ ಕಾಲುಭಾಗ ಅಪ್ಪನದು ಮುಕ್ಕಾಲು ಬೇರೆಯವರದು ಎಂದು ಪಾಲು ಮಾಡಲು ಬರುವುದಿಲ್ಲ. ಎರಡನೆಯ ಅಧ್ಯಾಯದ ಭಾಷ್ಯದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ: ಕಾಣುವವನಲ್ಲಿ, ಉಣ್ಣುವವನಲ್ಲಿ, ಹೆಚ್ಚು ಕಡಿಮೆ ಇಲ್ಲ.

ಕಾನೂನು ಕೂಡ ಈ ಪ್ರಶ್ನೆಯ ಅಂಚಿಗೆ ಬಂದು ನಿಂತಿದೆ. ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ಅದರ ಕಟ್ಟುಪಾಡುಗಳನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಮುಂದೆ ನನಗೆ ತಿಳಿವಳಿಕೆ ತಪ್ಪಿದಾಗ ಯಾವ ಚಿಕಿತ್ಸೆ ಬೇಡ ಎಂದು ಸ್ವಸ್ಥಚಿತ್ತದ ವಯಸ್ಕರು ಈಗಲೇ ಬರೆದಿಡಬಹುದು, ತಮ್ಮ ಪರವಾಗಿ ತೀರ್ಮಾನಿಸಲು ಕನಿಷ್ಠ ಇಬ್ಬರನ್ನು ಹೆಸರಿಸಬಹುದು. ತರತಮವಾದಿ ಇಲ್ಲಿ ಕೇಳುತ್ತಾನೆ: ಬರೆದವನಿಗೂ ಮಲಗಿರುವವನಿಗೂ ನಂಟು ಅಳಿದಿದ್ದರೆ ಒಬ್ಬನ ಬರಹ ಇನ್ನೊಬ್ಬನನ್ನು ಹೇಗೆ ಕಟ್ಟಿಹಾಕುತ್ತದೆ? ಪಾರ್ಫಿಟ್‌ನದೇ ಇನ್ನೊಂದು ಉದಾಹರಣೆ ಇದಕ್ಕೆ ಹತ್ತಿರದ್ದು. ಮುಂದೆ ಆಸ್ತಿ ಬಂದಾಗ ಅದನ್ನು ರೈತರಿಗೆ ಹಂಚುತ್ತೇನೆಂದು ಬರೆದಿಟ್ಟ ರಷ್ಯದ ತರುಣ, ವಯಸ್ಸಾದ ನಾನು ಮನಸ್ಸು ಬದಲಿಸಿದರೂ ಒಪ್ಪಬೇಡ ಎಂದು ಹೆಂಡತಿಯಿಂದ ಮಾತು ತೆಗೆದುಕೊಳ್ಳುತ್ತಾನೆ. ಆ ಹೆಂಡತಿ ಮುಂದೆ ಇಬ್ಬರು ಗಂಡಂದಿರ ನಡುವೆ ಸಿಕ್ಕಿಕೊಂಡಂತಾಗುತ್ತಾಳೆ. ಸೂತ್ರದ ಮೊದಲ ಕಾರಣದಿಂದ ನೋಡಿದರೆ ಅವಳ ಸ್ಥಿತಿ ಬೇರೆ. ಅವಳ ಕೈಯಲ್ಲಿರುವುದು ಅರ್ಧವಾದ ಕೆಲಸ. ಅದನ್ನು ಯಾರು ಆರಂಭಿಸಿದರು ಎಂಬುದರಲ್ಲಿ ಅವಳಿಗೆ ಸಂಶಯವಿಲ್ಲ.

ಇದರ ಅರ್ಥ ಹಿಂದಿನ ಬರಹವೇ ಯಾವಾಗಲೂ ಗೆಲ್ಲಬೇಕು ಎಂದಲ್ಲ. ರೊನಾಲ್ಡ್ ಡ್ವೊರ್ಕಿನ್ 1993ರಲ್ಲಿ ಚರ್ಚಿಸಿದ ಮಾರ್ಗೊ ಎಂಬ ಮಹಿಳೆ ಮರೆವಿನ ಕಾಯಿಲೆಯಲ್ಲೂ ಬಣ್ಣ ಹಚ್ಚುತ್ತ, ಇಷ್ಟದ ತಿಂಡಿ ತಿನ್ನುತ್ತ ಸಂತೋಷವಾಗಿದ್ದಳು. ಇಂಥ ಸ್ಥಿತಿ ಬಂದರೆ ಚಿಕಿತ್ಸೆ ಬೇಡ ಎಂದು ಅವಳು ಹಿಂದೆಯೇ ಬರೆದಿಟ್ಟಿದ್ದರೆ ಅದನ್ನು ನಡೆಸಬೇಕು ಎಂದ ಡ್ವೊರ್ಕಿನ್. ರೆಬೆಕಾ ಡ್ರೆಸರ್ ಒಪ್ಪಲಿಲ್ಲ. ಈಗ ಎದುರಿಗಿರುವವಳ ಹಿತ ನೋಡಬೇಕು ಎಂದರು. ನಾನು ಡ್ರೆಸರ್ ಜೊತೆಗಿದ್ದೇನೆ, ಆದರೆ ಮಾರ್ಗೊ ಬೇರೆ ವ್ಯಕ್ತಿಯಾದಳು ಎಂಬ ಕಾರಣಕ್ಕಲ್ಲ. ಅವಳೇ ಆದ್ದರಿಂದ, ಅವಳು ಆರಂಭಿಸಿದ ಕೆಲಸವೂ ಅವಳದು, ಈಗ ಅವಳು ತಿನ್ನುತ್ತಿರುವ ತಿಂಡಿಯ ರುಚಿಯೂ ಅವಳದು. ಎರಡು ಡಿಕ್ಕಿ ಹೊಡೆದಾಗ ಈಗ ಉಣ್ಣುತ್ತಿರುವ ಜೀವದ ಕಡೆ ತೂಕ ಹೆಚ್ಚಬೇಕು. ನಮ್ಮ ಸುತ್ತೋಲೆ ಅನ್ವಯಿಸುವುದು ಚೇತರಿಕೆಯ ಆಸೆಯಿಲ್ಲದ ಅಂತಿಮ ಘಟ್ಟಕ್ಕೆ, ಯಂತ್ರದ ಉಸಿರಿನಂಥ ಜೀವರಕ್ಷಕ ಚಿಕಿತ್ಸೆಗೆ. ಅಲ್ಲಿ ಹಳೆಯ ಬರಹವನ್ನು ಎದುರಿಸಿ ನಿಲ್ಲುವ ಹೊಸ ಸಂತೋಷ ಇರುವುದಿಲ್ಲ, ಆದ್ದರಿಂದ ಬರಹ ನಡೆಯಬೇಕು. ಮಾರ್ಗೊಳ ಸ್ಥಿತಿ, ಅಂದರೆ ಹೆಸರು ಮರೆತು ರುಚಿ ಮರೆಯದ ವರ್ಷಗಳು, ಸುತ್ತೋಲೆಯ ಹೊರಗೇ ಉಳಿಯುತ್ತವೆ. ಆ ವರ್ಷಗಳ ತೀರ್ಮಾನಗಳನ್ನು ಬರಹ ಮಾಡಿಕೊಡುವುದಿಲ್ಲ. ಹೆಸರಿಸಿದ ಆ ಇಬ್ಬರು ದಿನದಿನವೂ ಎದುರಿಗಿರುವ ಮುಖ ನೋಡಿ ಮಾಡಬೇಕಾಗುತ್ತದೆ. ಬರೆಯುವವರು ಅವರನ್ನು ಆರಿಸುವಾಗ ಈ ವರ್ಷಗಳ ಬಗ್ಗೆಯೂ ಅವರೊಂದಿಗೆ ಕೂತು ಮಾತಾಡಿರಬೇಕು.